ಸೂಜಿ ಅಕ್ಕನ ಇಪ್ಪತ್ತೈದು ನಿಮಿಷ

ಆ ಬಟ್ಟೆ ಕಾರ್ಖಾನೆಯಲ್ಲಿ ಮುನ್ನೂರು ಹೊಲಿಗೆ ಮೆಷಿನ್ನುಗಳಿದ್ದವು, ಸೂಜಿ ಕೊಡುವ ಕಿಟಕಿ ಮಾತ್ರ ಒಂದೇ. ಹಾಲಿನ ಮೂಲೆಯಲ್ಲಿ ಹಲಗೆ ಹೊಡೆದು ಮಾಡಿದ ಪುಟ್ಟ ಕೋಣೆ, ಅದಕ್ಕೊಂದು ಜಾರುವ ಕದ, ಕದದ ಹಿಂದೆ ಒಂದು ಕುರ್ಚಿ, ಒಂದು ಫ್ಯಾನು. ಆ ಕುರ್ಚಿಯಲ್ಲಿ ಕೂರುತ್ತಿದ್ದವಳಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಎಲ್ಲರ ಬಾಯಲ್ಲೂ, ಅವಳಿಗಿಂತ ಹತ್ತು ವರ್ಷ ದೊಡ್ಡವರ ಬಾಯಲ್ಲೂ, ಅವಳು ಸೂಜಿ ಅಕ್ಕ.

ಕೆಲಸ ಕೇಳಿದರೆ ನಗು ಬರುವಂಥದ್ದು. ಮೆಷಿನ್ನಿನ ಸೂಜಿ ಮುರಿದರೆ ಮುರಿದ ಚೂರುಗಳನ್ನೆಲ್ಲ ತಂದು ಕಿಟಕಿಯಲ್ಲಿ ಕೊಡಬೇಕು. ಅಕ್ಕ ಅವನ್ನು ಬಿಳಿ ಕಾಗದದ ಮೇಲೆ ಜೋಡಿಸಿ ಇಡೀ ಸೂಜಿಯಾಗುತ್ತದೋ ಇಲ್ಲವೋ ನೋಡುತ್ತಾಳೆ. ಇಡೀ ಸೂಜಿಯಾದರೆ ಹೊಸದು. ಆಗದಿದ್ದರೆ ಇಲ್ಲ. ಅಕ್ಕಿಕಾಳಿನ ಕಾಲುಭಾಗದಷ್ಟು ತುದಿ ಕಾಣೆಯಾದರೂ ಆ ಸಾಲಿನ ಕೆಲಸ ನಿಲ್ಲುತ್ತದೆ, ಹೊಲಿದದ್ದನ್ನೆಲ್ಲ ಪಕ್ಕಕ್ಕೆ ಇಡುತ್ತಾರೆ, ನಲವತ್ತು ಜನ ಅಯಸ್ಕಾಂತ ಹಿಡಿದು ನೆಲ ಸವರುತ್ತಾರೆ. ಯಾಕೆಂದರೆ ಆ ತುದಿ ಯಾವುದೋ ಅಂಗಿಯ ಮಡಿಕೆಯಲ್ಲಿ ಕೂತು ಯಾವುದೋ ಮಗುವಿನ ಕತ್ತಿಗೆ ಚುಚ್ಚಬಹುದು. ಸಿಕ್ಕ ಚೂರುಗಳನ್ನು ಅಕ್ಕ ರಿಜಿಸ್ಟರಿನಲ್ಲಿ ಟೇಪು ಹಾಕಿ ಅಂಟಿಸಿ, ಮೆಷಿನ್ನಿನ ನಂಬರು, ಸೂಜಿ ಕೊಟ್ಟ ಸಮಯ ಬರೆದು, ಪಡೆದವಳ ಸಹಿ ಹಾಕಿಸುತ್ತಿದ್ದಳು. ಸಂಜೆ ಸೂಪರ್‌ವೈಸರು ಪುಟದ ಕೆಳಗೆ ಸಹಿ ಮಾಡುತ್ತಿದ್ದ. ಹತ್ತೊಂಬತ್ತು ವರ್ಷ ಹೀಗೆ. ಹೊರಗಿಂದ ಬಂದ ತಪಾಸಣೆಯವರು ಬೇರೆ ಎಲ್ಲ ಕಡೆ ಹುಳುಕು ಹುಡುಕಿ ಕೊನೆಗೆ ಅಕ್ಕನ ರಿಜಿಸ್ಟರು ತೆರೆದರೆ ತೆಪ್ಪಗೆ ಮುಚ್ಚಿ ವಾಪಸು ಕೊಡುತ್ತಿದ್ದರು.

ಇದರ ಬಗ್ಗೆ ಅಕ್ಕನಿಗೆ ಜಂಭ ಇತ್ತು. ಇರಲಿ ಬಿಡಿ, ಜಂಭ ಪಡಲಿಕ್ಕೆ ಏನೂ ಇಲ್ಲದವರೇ ಊರ ತುಂಬ ಎದೆ ಉಬ್ಬಿಸಿಕೊಂಡು ಓಡಾಡುತ್ತಾರೆ. ಬೀಗ ರಿಪೇರಿ ಮಾಡುತ್ತಿದ್ದ ಅವಳ ಗಂಡ ಮಾತ್ರ ತಮಾಷೆ ಮಾಡುವುದನ್ನು ಬಿಡಲಿಲ್ಲ. ಮನೆಯಲ್ಲಿ ಒಂದು ಲೋಟ ಒಡೆದರೆ ಸಾಕು, ಚೂರೆಲ್ಲ ಆಯ್ದು ತಟ್ಟೆಯಲ್ಲಿಟ್ಟುಕೊಂಡು ಅವಳ ಮುಂದೆ ನಿಂತು, ಹೊಸದು ಕೊಡಮ್ಮ ಅನ್ನುತ್ತಿದ್ದ.

ಹೆಂಗಸರ ದೂರು ಕೇಳಲು ಕಾರ್ಖಾನೆಯಲ್ಲಿ ಒಂದು ಸಮಿತಿ ಇರಬೇಕೆಂದು ಕಾನೂನು. ಕೆಲಸಗಾರರ ಕಡೆಯಿಂದ ಯಾರು ಎಂದಾಗ ಮುನ್ನೂರು ಜನ ಒಂದೇ ಉಸಿರಿಗೆ ಸೂಜಿ ಅಕ್ಕನ ಕಡೆ ಕೈ ತೋರಿಸಿದರು. ಸತ್ತರೂ ಒಂದು ಸೂಜಿ ಪುಕ್ಕಟೆ ಕೊಡದವಳು ಎಂಬುದೇ ಅವಳ ಅರ್ಹತೆ. ಸಮಿತಿಗೆ ಅಧ್ಯಕ್ಷೆ ಆಫೀಸಿನ ಮೇಡಂ. ಕೆಟ್ಟವರಲ್ಲ, ಆದರೆ ಕಾಗದದ ಮೇಲೆ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದವರು. ಯಾರಾದರೂ ಕೆಮ್ಮಿದರೂ ಬರೆದುಕೊಳ್ಳುವಂಥವರು. ಹೊರಗಿನಿಂದ ಒಬ್ಬರು ಇರಬೇಕಲ್ಲ, ಅದಕ್ಕೆ ಕೆಲಸದಿಂದ ನಿವೃತ್ತರಾದ ಒಬ್ಬ ಶಾಲಾ ಹೆಡ್‌ಮಿಸ್ಸು. ಅವರನ್ನು ಎಲ್ಲರೂ ದೊಡ್ಡ ಟೀಚರ್ ಅನ್ನುತ್ತಿದ್ದರು. ಎರಡು ವರ್ಷ ಈ ಮೂವರೂ ಮೂರು ತಿಂಗಳಿಗೊಮ್ಮೆ ಕೂತು, ದೂರು ಯಾವುದೂ ಇಲ್ಲ ಎಂದು ಬರೆದು, ಟೀ ಕುಡಿದು ಎದ್ದರು.

ಆಮೇಲೆ ಇಪ್ಪತ್ತೇಳನೇ ಮೆಷಿನ್ನಿನ ಹುಡುಗಿ ದೂರು ಕೊಟ್ಟಳು.

ಇಪ್ಪತ್ತೆರಡು ವರ್ಷದವಳು, ಅಂಗಿಗಳಿಗೆ ತೋಳು ಕೂರಿಸುವ ಕೆಲಸ, ಮಾತು ಕಡಿಮೆ. ಕಾಗದದಲ್ಲಿ ಬರೆದದ್ದನ್ನೇ ಸಮಿತಿಯ ಮುಂದೆ ಕೂತು ಹೇಳಿದಳು. ಮಂಗಳವಾರ ಮಧ್ಯಾಹ್ನ ಮೂರೂ ಹತ್ತರ ಹೊತ್ತಿಗೆ ಅವಳ ಸೂಜಿ ಮುರಿಯಿತು. ಕಿಟಕಿಗೆ ಹೋದಳು, ಕದ ಹಾಕಿತ್ತು, ಬೇರೆ ಯಾರೂ ಇನ್ನೂ ಬಂದಿರಲಿಲ್ಲ. ಅಲ್ಲಿಗೆ ಸೂಪರ್‌ವೈಸರು ಬಂದ. ಬಟ್ಟೆ ಸ್ಟೋರಿನಲ್ಲಿ ಒಂದೆರಡು ಸೂಜಿ ಇಟ್ಟಿದ್ದೇನೆ, ಬಾ ಕೊಡ್ತೀನಿ ಅಂದ. ಒಳಗೆ ಹೋದ ಮೇಲೆ ಬಾಗಿಲು ಹಾಕಿ, ಬಾಯಿಗೆ ಕೈ ಒತ್ತಿ, ಗೋಡೆಗೆ ಒರಗಿಸಿ ಮೈಮೇಲೆ ಕೈ ಹಾಕಿದ. ಹೊರಗೆ ಯಾರೋ ಬಟ್ಟೆ ಗಾಡಿ ತಳ್ಳಿಕೊಂಡು ಹೋದ ಸದ್ದಿಗೆ ಅವನ ಕೈ ಸಡಿಲವಾಯಿತು. ಅವಳು ಓಡಿ ಬಂದಳು. ಕಿಟಕಿ ಆಗಷ್ಟೇ ತೆರೆದಿತ್ತು, ನಾಲ್ಕು ಜನ ನಿಂತಿದ್ದರು. ಅವರ ಹಿಂದೆ ನಿಂತು ಸೂಜಿ ತೆಗೆದುಕೊಂಡು ಹೋಗಿ ಗಂಟೆ ಹೊಡೆಯುವವರೆಗೆ ತೋಳು ಕೂರಿಸಿದಳು.

ಮೇಡಂ ಪೆನ್ನು ನಿಲ್ಲಿಸಿ, ಅಂಥದ್ದೆಲ್ಲ ಆದ ಮೇಲೆ ಸೂಜಿ ತಗೊಂಡು ಹೋಗಿ ಹೊಲಿದೆಯಾ ಎಂದು ಕೇಳಿದರು. ಹುಡುಗಿ ತಲೆ ಎತ್ತಿ, ಮತ್ತೇನು ಮಾಡಬೇಕಿತ್ತು ಮೇಡಂ ಎಂದಳು. ಈ ಪ್ರಶ್ನೆ ಕೇಳುವವರನ್ನು ನಾನು ಬಹಳ ನೋಡಿದ್ದೇನೆ. ಕಿರುಚಿದರೆ ನಾಟಕ, ಸುಮ್ಮನಿದ್ದರೆ ಒಪ್ಪಿಗೆ, ಅದೇ ದಿನ ಹೇಳಿದರೆ ಆತುರ, ಮೂರು ದಿನ ಬಿಟ್ಟು ಹೇಳಿದರೆ ಕಟ್ಟುಕತೆ. ಇವರನ್ನು ಮೆಚ್ಚಿಸುವ ಹಾಗೆ ಕಷ್ಟಪಡುವುದು ಹೇಗೆ ಎಂದು ಯಾರೂ ಇನ್ನೂ ಹೇಳಿಕೊಟ್ಟಿಲ್ಲ.

ಅಕ್ಕನಿಗೆ ಹುಡುಗಿಯ ಒಂದೊಂದು ಮಾತೂ ನಿಜವೆನ್ನಿಸಿತು. ಆದರೂ ಸೂಪರ್‌ವೈಸರಿಗೆ ದೂರಿನ ಪ್ರತಿ ಕೊಡಬೇಕು, ಅವನ ಮಾತನ್ನೂ ಇಷ್ಟೇ ಸಾವಧಾನವಾಗಿ ಕೇಳಬೇಕು, ಅಲ್ಲಿಯವರೆಗೆ ಯಾರೂ ಅವನನ್ನು ಕಳ್ಳನ ಹಾಗೆ ನೋಡಬಾರದು ಎಂದು ಹಟ ಹಿಡಿದವಳೂ ಅವಳೇ. ಅವನು ಕೂತಾಗ ಹುಡುಗಿ ಪಕ್ಕದ ಕೋಣೆಯಲ್ಲಿರಲಿ, ಅವಳನ್ನು ಏನಾದರೂ ಕೇಳುವುದಿದ್ದರೆ ಅವನು ಬರೆದು ಕೊಡಲಿ ಎಂದವಳೂ ಅವಳೇ. ದೊಡ್ಡ ಟೀಚರ್ ತಲೆದೂಗಿದರು.

ಸೂಪರ್‌ವೈಸರು ಬಂದ. ಹೆಚ್ಚು ಕೂಗಾಡುವವನಲ್ಲ, ತಲೆ ಬಾಚಿಕೊಂಡು ಅಂಗಿ ಒಳಗೆ ಸೇರಿಸಿಕೊಂಡು ಓಡಾಡುವವನು. ಮಂಗಳವಾರ ತಾನು ಸಾಲು ಬಿಟ್ಟು ಕದಲಲೇ ಇಲ್ಲ ಎಂದ. ಮೂರೂ ಹತ್ತಕ್ಕೆ ಈ ಹುಡುಗಿ ಕಿಟಕಿಯಲ್ಲಿ ಸೂಜಿ ತೆಗೆದುಕೊಂಡದ್ದನ್ನು ಕಣ್ಣಾರೆ ನೋಡಿದೆ, ನೇರ ತನ್ನ ಮೆಷಿನ್ನಿಗೆ ಹೋದಳು, ಹಿಂದಿನ ದಿನ ಬೈದಿದ್ದೆನಲ್ಲ, ಅದಕ್ಕೆ ಹಗೆ ತೀರಿಸಿಕೊಳ್ಳುತ್ತಿದ್ದಾಳೆ ಎಂದ. ಆಮೇಲೆ ಬಹಳ ವಿನಯದಿಂದ, "ನನ್ನ ಮಾತು ನಂಬಬೇಡಿ ಮೇಡಂ. ಅಕ್ಕನ ರಿಜಿಸ್ಟರ್ ತರಿಸಿ ನೋಡಿ," ಅಂದ.

ರಿಜಿಸ್ಟರು ಬಂತು. ಮಂಗಳವಾರದ ಪುಟ. ಮೆಷಿನ್ ಇಪ್ಪತ್ತೇಳು, ಮೂರು ಚೂರು, ಸೂಜಿ ಕೊಟ್ಟ ಸಮಯ ಮೂರೂ ಹತ್ತು. ಅಕ್ಕನದೇ ದುಂಡು ಅಕ್ಷರ.

ಆ ಸಮಯ ಸುಳ್ಳೆಂದು ಅಕ್ಕನಿಗೆ ಗೊತ್ತಿತ್ತು.

ಮಂಗಳವಾರ ಅವಳ ದವಡೆ ಹಲ್ಲು ಬೆಳಿಗ್ಗೆಯಿಂದ ಜೀವ ತಿನ್ನುತ್ತಿತ್ತು. ಮೂರೂ ಐದಕ್ಕೆ ತಡೆಯಲಾರದೆ ಕದ ಎಳೆದು ಬೀಗ ಹಾಕಿ ಮೇಲಿನ ಪ್ರಥಮ ಚಿಕಿತ್ಸೆ ಕೋಣೆಗೆ ಹೋದಳು. ಮಾತ್ರೆ ನುಂಗಿ, ಹತ್ತಿ ಇಟ್ಟುಕೊಂಡು, ಅಲ್ಲಿನ ಮಂಚದ ಮೇಲೆ ಎರಡು ನಿಮಿಷ ಎಂದು ಒರಗಿದವಳು ಎದ್ದು ಬಂದದ್ದು ಮೂರೂವರೆಗೆ. ಬರುವಷ್ಟರಲ್ಲಿ ಹೆಂಗಸರು ಕಾಯುತ್ತಿದ್ದರು. ತನ್ನ ಜಾಗದಲ್ಲಿ ಬದಲಿ ಕೂರಿಸದೆ ಕಿಟಕಿ ಮುಚ್ಚುವುದು ದೊಡ್ಡ ತಪ್ಪು. ಐದೂ ಸೂಜಿಗೆ ಮೂರೂವರೆ ಎಂದು ಬರೆದರೆ ಪುಟ ನೋಡಿದವರಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೆ ಅಕ್ಕ ಒಬ್ಬೊಬ್ಬರನ್ನೂ, ನಿನ್ನ ಸೂಜಿ ಮುರಿದದ್ದು ಎಷ್ಟು ಹೊತ್ತಿಗೆ ಎಂದು ಕೇಳಿ, ಅವರು ಹೇಳಿದ್ದನ್ನೇ ಕೊಟ್ಟ ಸಮಯದ ಜಾಗದಲ್ಲಿ ಬರೆದಳು. ಪುಟ ಎಂದಿನಂತೆ ಚೊಕ್ಕವಾಗಿ ಕಂಡಿತು. ಹುಡುಗಿ ನಿಜವನ್ನೇ ಹೇಳಿದ್ದಳು, ಮೂರೂ ಹತ್ತು ಎಂದು. ಆ ನಿಜವೇ ಈಗ ಅವಳ ಕತ್ತಿಗೆ ಬಂದಿತ್ತು.

ಅವನಿಗೆ ಇದೆಲ್ಲ ಗೊತ್ತಿತ್ತು. ಕಿಟಕಿ ಮುಚ್ಚಿದ್ದನ್ನು ನೋಡಿಯೇ ಅಲ್ಲವೇ ಅವಳನ್ನು ಕರೆದದ್ದು. ಸಂಜೆ ಸಹಿ ಮಾಡುವಾಗ ಪುಟ ನೋಡಿ ಒಳಗೊಳಗೇ ನಕ್ಕಿರಬೇಕು. ಸೂಜಿ ಅಕ್ಕ ಜೀವ ಹೋದರೂ ತನ್ನ ರಿಜಿಸ್ಟರಿಗೆ ತಾನೇ ಮಸಿ ಬಳಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದ.

ಅವತ್ತು ಅವನ ಲೆಕ್ಕ ಸರಿಯಾಯಿತು. ಅಕ್ಕ ಬಾಯಿ ಬಿಡಲಿಲ್ಲ. ಇದನ್ನು ಮುಚ್ಚಿಟ್ಟು ಅವಳನ್ನು ಹೊಗಳಲಾರೆ. ಮೇಜಿನ ಅಂಚು ಹಿಡಿದುಕೊಂಡು ಕೂತಿದ್ದಳು. ಮೇಡಂ ಹುಡುಗಿಯನ್ನು ಕರೆದು ಪುಟ ತೋರಿಸಿದರು. ಹುಡುಗಿ ಬಹಳ ಹೊತ್ತು ನೋಡಿ, ಸಹಿ ನನ್ನದೇ, ನನಗೇ ಸಮಯ ತಪ್ಪಿರಬಹುದೇನೋ, ಗೊತ್ತಾಗ್ತಿಲ್ಲ ಎಂದಳು. ಮೇಡಂ ಅದನ್ನೂ ಬರೆದುಕೊಂಡರು. ಮುಂದಿನ ವಿಚಾರಣೆ ಸೋಮವಾರಕ್ಕೆ ಹೋಯಿತು.

ಭಾನುವಾರ ಬಟ್ಟೆ ಒಗೆಯುತ್ತ ಅಕ್ಕ ಗಂಡನಿಗೆ ಎಲ್ಲ ಹೇಳಿಕೊಂಡಳು. ಯಾರ ಹೆಸರನ್ನೂ ಹೇಳಲಿಲ್ಲ, ತನ್ನ ತಪ್ಪನ್ನಷ್ಟೇ ಹೇಳಿದಳು. ಅವನು ಒಂದು ಹಳೇ ಬೀಗ ಬಿಚ್ಚುತ್ತ ಕೂತಿದ್ದ. ಹೇಳಿದರೆ ಕಿಟಕಿ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಕಿಟಕಿ ಹೋದರೆ ದಾರ ಕತ್ತರಿಸುವ ಮೇಜು, ಅಲ್ಲಿ ಒಂಬತ್ತು ಗಂಟೆ ನಿಂತೇ ಇರಬೇಕು. ಅಕ್ಕನ ಮೊಣಕಾಲು ಆಗಲೇ ಮೆಟ್ಟಿಲು ಕಂಡರೆ ಮುನಿಯುತ್ತಿತ್ತು. ಗಂಡ, ಬರೆದದ್ದಾದರೂ ಯಾಕೆ ಎಂದು ಕೇಳಿದ. ಪುಟ ಚೆನ್ನಾಗಿ ಕಾಣಲಿ ಅಂತ ಎಂದು ಹೇಳುವಾಗ ಅವಳಿಗೆ ನಾಚಿಕೆಯಾಯಿತು.

ಒಂದು ಅಂಗಿ ಹಿಂಡುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಅವಳಿಗೆ ಹುಡುಗಿಯ ಅಂಗೈ ನೆನಪಾಗಿತ್ತು. ಮಂಗಳವಾರ ಕಿಟಕಿಯಲ್ಲಿ ಕೊನೆಗೆ ಬಂದ ಕೈ ಅದು. ಮುಷ್ಟಿ ಬಿಚ್ಚಲು ಬಾರದ ಹಾಗೆ ಬಿಗಿದುಕೊಂಡಿತ್ತು. ಬಿಚ್ಚಿದಾಗ ಮೂರು ಚೂರೂ ಇದ್ದವು, ಅಂಗೈಯಲ್ಲಿ ರಕ್ತ ಇತ್ತು. ಅಕ್ಕ ಹಲ್ಲುನೋವಿನ ಸಿಟ್ಟಿನಲ್ಲಿ, ಸೂಜಿಯನ್ನ ಹೀಗಾ ಹಿಡಿಯೋದು ಎಂದು ಗದರಿ ಒಂದು ಪಟ್ಟಿ ಅಂಟಿಸಿ ಕಳಿಸಿದ್ದಳು.

ಗೋಡೆಗೆ ಒತ್ತಿ ಹಿಡಿದಾಗಲೂ, ಬಾಯಿ ಮುಚ್ಚಿದಾಗಲೂ, ತಪ್ಪಿಸಿಕೊಂಡು ಓಡುವಾಗಲೂ ಆ ಹುಡುಗಿ ಮೂರು ಚೂರನ್ನು ಬಿಟ್ಟಿರಲಿಲ್ಲ. ಒಂದು ಬಿದ್ದರೂ ಅಕ್ಕ ಹೊಸ ಸೂಜಿ ಕೊಡುವುದಿಲ್ಲ ಎಂದು ಬಿಟ್ಟಿರಲಿಲ್ಲ. ಅಕ್ಕ ಕಲ್ಲಿನ ಮೇಲೆ ಕೂತು ಅತ್ತಳು. ಗಂಡ ಬೀಗ ಕೆಳಗಿಟ್ಟ.

"ಹೇಳಿಬಿಡು. ನಿಂತು ಕೆಲಸ ಮಾಡೋದು ಅಭ್ಯಾಸ ಆಗುತ್ತೆ. ಇದು ಆಗಲ್ಲ," ಅಂದ.

ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರವೇ ಕಾಲರ್ ಕೂರಿಸುವವಳು ಅಕ್ಕನನ್ನು ಹಿಡಿದಳು. ಅವಳೂ ಇಪ್ಪತ್ತೇಳರ ಹುಡುಗಿಯೂ ಒಂದೇ ಬಾಡಿಗೆ ಕೋಣೆಯಲ್ಲಿದ್ದವರು. ಅವನು ಸ್ಟೋರಿಗೆ ಹೋದದ್ದನ್ನು ನೋಡಿದೆ ಅಂತ ನೀವು ಹೇಳಿಬಿಡಿ ಅಕ್ಕ, ನೀವು ಹೇಳಿದರೆ ಯಾರೂ ಎದುರು ಮಾತಾಡಲ್ಲ ಎಂದು ಗೋಗರೆದಳು. ಅಕ್ಕ, ನಾನು ನೋಡಿಲ್ಲವಲ್ಲ ಎಂದಳು. ಕಾಲರಿನವಳು ಮುಖ ತಿರುಗಿಸಿಕೊಂಡು, ಹಾಗಾದರೆ ನಾನೇ ಹೇಳ್ತೀನಿ ಎಂದು ಹೊರಟುಹೋದಳು.

ಹೇಳಿಯೂ ಬಿಟ್ಟಳು. ಸೂಪರ್‌ವೈಸರು ಎದುರಿಗೇ ಇರುವಾಗ ಸಮಿತಿಯ ಮುಂದೆ ಕೂತು, ತನಗೂ ಹೀಗೇ ಆಗಿದೆ, ಹಿಂದಿನ ಗುರುವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಮೆಟ್ಟಿಲ ಹತ್ತಿರ ಕೈ ಹಿಡಿದು ಎಳೆದ ಎಂದಳು. ದಿನ, ಗಂಟೆ ಎಲ್ಲ ಪಟಪಟನೆ. ಮೇಡಂ ಬರೆದುಕೊಂಡರು. ಕಾಲರಿನವಳು ಎದ್ದು ಗೋಡೆಯ ಹತ್ತಿರ ನಿಂತಳು.

ಅಕ್ಕ ತನ್ನ ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು. ಈ ಕಡೆ ಕೂರಲು ತನಗೆ ಆಗುವುದಿಲ್ಲ, ಸಮಿತಿಯಿಂದ ತನ್ನನ್ನು ಬಿಟ್ಟುಬಿಡಿ, ತಾನೇ ಒಬ್ಬ ಸಾಕ್ಷಿ ಎಂದಳು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ದೊಡ್ಡ ಟೀಚರ್, ಬನ್ನಿ ಕೂತ್ಕೊಳ್ಳಿ ಎಂದು ಎದುರಿನ ಕುರ್ಚಿ ತೋರಿಸಿದರು.

ಕಿಟಕಿಯ ವಿಷಯವನ್ನೇ ಮೊದಲು ಹೇಳಬೇಕೆಂದು ಅಕ್ಕ ಮನೆಯಿಂದ ಗಟ್ಟಿಮಾಡಿಕೊಂಡು ಬಂದಿದ್ದಳು. ಆದರೆ ಈಗಷ್ಟೇ ಕೇಳಿದ್ದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಅದನ್ನೇ ಮೊದಲು ಹೇಳಿದಳು. ಆ ಗುರುವಾರ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮೂವತ್ತೊಂದನೇ ಮೆಷಿನ್ನಿನ ಸೂಜಿಯ ತುದಿ ಕಳೆಯಿತು. ಹನ್ನೆರಡೂ ಕಾಲಿನವರೆಗೆ ಸಾಲು ನಿಂತಿತ್ತು. ಅಷ್ಟು ಹೊತ್ತೂ ಸೂಪರ್‌ವೈಸರು ಅಯಸ್ಕಾಂತ ಹಿಡಿದು ಮೆಷಿನ್ನಿನ ಅಡಿಯಲ್ಲಿ ಮಲಗಿದ್ದ, ತಾನು ಅವನ ತಲೆಯ ಹತ್ತಿರವೇ ನಿಂತಿದ್ದೆ, ಮೆಟ್ಟಿಲ ಕಡೆ ಅವನು ಹೋಗಲಿಲ್ಲ ಎಂದಳು.

ಗೋಡೆಯ ಹತ್ತಿರ ನಿಂತವಳ ಮುಖ ಬಿಳಿಚಿತು. ಸೂಪರ್‌ವೈಸರಿಗೆ ಹೋದ ಜೀವ ಬಂದಂತಾಯಿತು. ಕುರ್ಚಿಯ ತುದಿಗೆ ಸರಿದ.

"ಕೇಳಿದ್ರಾ ಮೇಡಂ? ಈ ಫ್ಯಾಕ್ಟರೀಲಿ ಸುಳ್ಳು ಹೇಳದೇ ಇರೋರು ಅಂದ್ರೆ ಅಕ್ಕ ಒಬ್ರೇ. ಬರ್ಕೊಳ್ಳಿ ಇದನ್ನ. ಅಕ್ಕನ ಮಾತು ನೂರಕ್ಕೆ ನೂರು ನಿಜ."

ಮೇಡಂ ಬರೆದುಕೊಂಡರು. ಬರೆದುಕೊಳ್ಳಿ ಎಂದು ಅವರಿಗೆ ಹೇಳಬೇಕಾದ ಅಗತ್ಯವೇ ಇರಲಿಲ್ಲ.

"ಇನ್ನೊಂದಿದೆ," ಎಂದಳು ಅಕ್ಕ.

ಅವಳು ಮಂಗಳವಾರದ ಕತೆ ಹೇಳಿದಳು. ಹಲ್ಲು, ಮಾತ್ರೆ, ಮಂಚ, ಬೀಗ. ಮೂರೂ ಐದರಿಂದ ಮೂರೂವರೆಯವರೆಗೆ ಇಪ್ಪತ್ತೈದು ನಿಮಿಷ ಕಿಟಕಿ ಮುಚ್ಚಿತ್ತು, ಒಂದು ಸೂಜಿಯೂ ಹೊರಗೆ ಹೋಗಲಿಲ್ಲ, ಮೂರೂ ಹತ್ತು ಎಂದು ಬರೆದದ್ದು ಸೂಜಿ ಮುರಿದ ಸಮಯ, ಕೊಟ್ಟ ಸಮಯವಲ್ಲ. ಹುಡುಗಿ ಕೊನೆಯವಳಾಗಿ ಬಂದಳು, ಅಂಗೈಯಲ್ಲಿ ರಕ್ತ ಬಂದಿತ್ತು, ಪುಟದ ಟೇಪಿನ ಕೆಳಗೆ ಅದರ ಕಲೆ ಇನ್ನೂ ಇದೆ ನೋಡಿ ಎಂದಳು. ಸ್ಟೋರಿನಲ್ಲಿ ಏನಾಯಿತು ಎಂದು ದೊಡ್ಡ ಟೀಚರ್ ಕೇಳಿದರು. ಅದು ತನಗೆ ಗೊತ್ತಿಲ್ಲ, ಅವನು ಹೋದದ್ದನ್ನೂ ನೋಡಿಲ್ಲ, ತನಗೆ ಗೊತ್ತಿರುವುದು ಇಷ್ಟೇ ಎಂದಳು. ಹುಡುಗಿಯನ್ನು ನಂಬುತ್ತೀರಾ ಎಂದು ಕೇಳಿದ್ದಕ್ಕೆ, ನಂಬುತ್ತೇನೆ, ಆದರೆ ನನ್ನ ನಂಬಿಕೆಯನ್ನು ನೋಡಿದ್ದು ಅಂತ ಹೇಳಲಾರೆ ಎಂದಳು.

ಸೂಪರ್‌ವೈಸರಿನ ಮುಖ ಕಪ್ಪಿಟ್ಟಿತು. ಸುಳ್ಳು, ಕಿಟಕಿ ತೆರೆದೇ ಇತ್ತು, ತನ್ನ ಕೆಲಸ ಸರಿಯಾಗಿ ಮಾಡದೆ ಈಗ ಕತೆ ಕಟ್ಟುತ್ತಿದ್ದಾಳೆ ಎಂದ. ಒಂದು ದಿನದ ಪುಟ ತಪ್ಪಾದರೆ ಎಲ್ಲ ದಿನದ್ದೂ ತಪ್ಪೇ ಅಲ್ಲವೇ ಎಂದು ಕೇಳಿದ. ಅದು ನ್ಯಾಯವಾದ ಪ್ರಶ್ನೆಯೇ. ಅಕ್ಕ ಅವನ ಕಡೆ ತಿರುಗಿ, "ಹೌದಪ್ಪ, ನನ್ನ ಪುಸ್ತಕ ಯಾರೂ ನಂಬಬೇಡಿ. ಗುರುವಾರ ನೀನು ನೆಲದ ಮೇಲಿದ್ದದ್ದಕ್ಕೆ ಮಂಡಿ ಊರಿದ್ದ ನಲವತ್ತು ಜನಾನ ಕೇಳಿ. ಮಂಗಳವಾರ ಕಿಟಕಿ ಮುಚ್ಚಿದ್ದಕ್ಕೆ ಕಾದು ನಿಂತಿದ್ದ ನಾಲ್ಕು ಜನಾನ ಕೇಳಿ," ಅಂದಳು.

ಮೇಡಂ ಹಾಳೆ ಹಿಂದಕ್ಕೆ ತಿರುವಿದರು. ಯಾರೂ ಕೇಳದೆಯೇ ಓದಿದರು: ಅಕ್ಕನ ಮಾತು ನೂರಕ್ಕೆ ನೂರು ನಿಜ. ದೊಡ್ಡ ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಅವನನ್ನು ಕೇಳಿದರು.

"ಹಾಗಾದ್ರೆ ಒಂದು ಹೇಳಿ. ಮುಚ್ಚಿದ್ದ ಕಿಟಕೀಲಿ, ಮೂರೂ ಹತ್ತಕ್ಕೆ, ಆ ಹುಡುಗಿ ಸೂಜಿ ತಗೊಂಡಿದ್ದನ್ನ ನೀವು ಕಣ್ಣಾರೆ ನೋಡಿದ್ದು ಹೇಗೆ?"

ಬೇರೆ ಯಾವಾಗಲೋ ನೋಡಿರಬಹುದು ಎಂದ. ಸಾಲು ಬಿಟ್ಟು ಕದಲಲಿಲ್ಲ ಎಂದಿದ್ದವನು ನೀರು ಕುಡಿಯಲು ಹೋಗಿದ್ದೆ ಎಂದ. ಮೇಡಂ ಎಲ್ಲವನ್ನೂ ಬರೆದುಕೊಂಡರು. ನಾಲ್ಕು ಜನರನ್ನು ಬೇರೆ ಬೇರೆಯಾಗಿ ಕರೆಸಿದರು, ನಾಲ್ವರೂ ಕಿಟಕಿ ಮುಚ್ಚಿದ್ದು ನಿಜ ಎಂದರು. ಹುಡುಗಿ ಕೊನೆಗೆ ಓಡಿ ಬಂದದ್ದನ್ನು ಇಬ್ಬರು ನೋಡಿದ್ದರು. ಅವಳು ಬಂದದ್ದು ಸ್ಟೋರಿನ ಕಡೆಯಿಂದ ಎಂದು ಒಬ್ಬಳು ಹೇಳಿದಳು.

ಅಂದು ಮಧ್ಯಾಹ್ನ ಅಕ್ಕ ಊಟದ ಡಬ್ಬಿ ತೆರೆದಾಗ ಅಕ್ಕಪಕ್ಕದವರು ಎದ್ದು ದೂರ ಕೂತರು. ಸುದ್ದಿ ಅರ್ಧ ಹಬ್ಬಿತ್ತು, ಹಬ್ಬಿದ ಅರ್ಧ ಇಷ್ಟು: ಅಕ್ಕ ಸೂಪರ್‌ವೈಸರಿನ ಪರ ಸಾಕ್ಷಿ ಹೇಳಿದಳಂತೆ. ಕಾಲರಿನವಳು ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಅವಳೇ ನೇರ ಬಂದು, ಒಬ್ಬಳ ಮಾತು ಯಾರು ನಂಬ್ತಾರೆ ಅಂತ ಎರಡನೇದು ಸೇರಿಸಿದೆ, ನೀವು ಅದನ್ನ ಹಾಳು ಮಾಡಿದ್ರಿ ಎಂದಳು. ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬರುವುದಿಲ್ಲ. ಒಂದು ಹೆಣ್ಣಿನ ಮಾತಿಗೆ ತೂಕ ಬರಬೇಕಾದರೆ ಇನ್ನೂ ಒಂದು ಹೆಣ್ಣು ಹಾಳಾಗಿರಬೇಕು ಎಂದು ಅವಳಿಗೆ ಕಲಿಸಿದವರು ಯಾರೋ, ಅವರ ಮೇಲೆ ಬರುತ್ತದೆ. ಅಕ್ಕ ಜಗಳಕ್ಕೆ ಹೋಗಲಿಲ್ಲ.

"ನೀನು ಸೇರಿಸಿದ ಗುರುವಾರ ಹೇಗೂ ಬಿದ್ದು ಹೋಗ್ತಿತ್ತಮ್ಮ, ನಲವತ್ತು ಜನ ನೋಡಿದ್ರು. ಅದರ ಜೊತೆ ಅವಳ ಮಂಗಳವಾರಾನೂ ಬಿದ್ದು ಹೋಗ್ತಿತ್ತು. ಈಗ ಅದು ಒಂದೇ ಇದೆ. ಗಟ್ಟಿಯಾಗಿದೆ," ಅಂದಳು.

ಹತ್ತು ದಿನಕ್ಕೆ ಸಮಿತಿ ತೀರ್ಮಾನ ಬರೆಯಿತು. ಅಕ್ಕ ಎದ್ದ ಜಾಗಕ್ಕೆ ಪ್ಯಾಕಿಂಗ್ ವಿಭಾಗದ ಒಬ್ಬ ಹಿರಿಯ ಹೆಂಗಸನ್ನು ಸೇರಿಸಿಕೊಂಡಿದ್ದರು. ಇಪ್ಪತ್ತೇಳರ ಹುಡುಗಿಯ ಮಾತು ಮೊದಲಿನಿಂದ ಕೊನೆಯವರೆಗೆ ಒಂದೇ ರೀತಿ ನಿಂತಿದೆ, ಸೂಪರ್‌ವೈಸರು ನಾನು ನೋಡಿದೆ ಎಂದು ಹೇಳಿದ್ದು ನಡೆದೇ ಇಲ್ಲದ್ದು, ದೂರು ನಿಜ. ಗುರುವಾರದ ಆಪಾದನೆಯಲ್ಲಿ ಅವನ ತಪ್ಪಿಲ್ಲ ಎಂದೂ ಅಷ್ಟೇ ಸ್ಪಷ್ಟವಾಗಿ ಬರೆದರು. ಅವನನ್ನು ಕೆಲಸದಿಂದ ತೆಗೆದರು. ಅವನು ಮೇಲಿನವರಿಗೆ ಅಪೀಲು ಹಾಕಿಕೊಂಡ. ಹಾಕಿಕೊಳ್ಳಲಿ, ಅದು ಅವನ ಹಕ್ಕು.

ಇನ್ನು ಉಳಿದದ್ದು ಅಕ್ಕನ ತಪ್ಪು. ಅದಕ್ಕೊಂದು ಕಾಗದ ಕೊಡದೆ ಇರುವಂತಿಲ್ಲ. ಮೇಡಂ ಅವಳನ್ನು ಆಫೀಸಿಗೆ ಕರೆಸಿ, ಯಾವತ್ತೂ ಇಲ್ಲದ ಹಾಗೆ ತಾವೇ ಕುರ್ಚಿ ಎಳೆದು ಕೂರಿಸಿ, ಟೈಪು ಮಾಡಿದ ಕಾಗದ ಮುಂದಿಟ್ಟರು. ಎಚ್ಚರಿಕೆ ಪತ್ರ ಅಷ್ಟೇ ಅಕ್ಕ, ಸಹಿ ಹಾಕಿ, ನಾಳೆಯಿಂದ ಎಂದಿನ ಹಾಗೆ ಕಿಟಕಿಗೆ ಹೋಗಿ ಎಂದರು. ಅವರ ಮುಖದಲ್ಲಿ ಸಂತೋಷ ಇತ್ತು.

ಅಕ್ಕ ಯಾವ ಕಾಗದವನ್ನೂ ಓದದೆ ಸಹಿ ಹಾಕುವವಳಲ್ಲ. ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಮಂಗಳವಾರ ಮಧ್ಯಾಹ್ನ ಮೂರೂ ಐದರಿಂದ ಸುಮಾರು ಹದಿನೈದು ನಿಮಿಷ ಕಿಟಕಿಯನ್ನು ಬದಲಿ ಇಲ್ಲದೆ ಮುಚ್ಚಿ, ರಿಜಿಸ್ಟರಿನಲ್ಲಿ ತಪ್ಪು ಸಮಯ ಬರೆದದ್ದಕ್ಕಾಗಿ ಎಂದಿತ್ತು. ಬೆರಳು ಅಲ್ಲಿ ನಿಂತಿತು.

"ಮೇಡಂ, ಇಲ್ಲಿ ಹದಿನೈದು ಅಂತ ಇದೆ."

ಮೇಡಂ ಸ್ವರ ತಗ್ಗಿಸಿದರು. ಹದಿನೈದರೊಳಗೆ ಆದರೆ ಬರೀ ಎಚ್ಚರಿಕೆ, ಅದಕ್ಕಿಂತ ಹೆಚ್ಚಾದರೆ ಕಿಟಕಿಯಿಂದ ತೆಗೆಯಬೇಕು, ನಿಯಮ ಹಾಗಿದೆ. ಹತ್ತೊಂಬತ್ತು ವರ್ಷ ದುಡಿದವರು ನೀವು, ಇಷ್ಟು ಮಾಡದಿದ್ದರೆ ನನಗೆ ನಿದ್ದೆ ಬರಲ್ಲ ಎಂದರು. ಕಾಗದವನ್ನೇ ದೇವರೆಂದುಕೊಂಡಿದ್ದ ಆ ಹೆಂಗಸು ಜೀವನದಲ್ಲಿ ಮೊದಲ ಸಲ ಒಬ್ಬರ ಮೇಲಿನ ಪ್ರೀತಿಗೆ ಒಂದು ಅಂಕಿಯನ್ನು ಬಗ್ಗಿಸಿದ್ದರು. ಅಕ್ಕನ ಕಣ್ಣು ತುಂಬಿತು. ಆದರೂ ಪೆನ್ನು ಮುಟ್ಟಲಿಲ್ಲ.

"ಇಪ್ಪತ್ತೈದು ಅಂತ ಬರೀರಿ."

"ಇದು ನಿಮ್ಮ ಫೈಲಿನಲ್ಲಿ ಇರುತ್ತೆ ಅಷ್ಟೇ. ಯಾರು ನೋಡ್ತಾರೆ ಅಕ್ಕ ಇದನ್ನ?"

"ರಿಜಿಸ್ಟರೂ ಯಾರು ನೋಡ್ತಾರೆ ಅಂತಾನೇ ನಾನು ಬರೆದಿದ್ದು ಮೇಡಂ."

ಅಕ್ಕ ನಿಧಾನವಾಗಿ ಹೇಳಿದಳು. ಅವನು ಅಪೀಲು ಹಾಕಿದ್ದಾನೆ, ನಾಳೆ ಯಾರೋ ಈ ಕಾಗದ ತರಿಸುತ್ತಾರೆ. ಹದಿನೈದು ನಿಮಿಷವಾದರೆ ಮೂರೂ ಇಪ್ಪತ್ತಕ್ಕೇ ಕಿಟಕಿ ತೆರೆದಿತ್ತು ಅಂತಾಗುತ್ತದೆ. ಆಗ ಮೂರೂವರೆಯವರೆಗೆ ಎಲ್ಲಿದ್ದೆ ಎಂದು ಮತ್ತೆ ಆ ಹುಡುಗಿಯನ್ನೇ ಕೂರಿಸಿ ಕೇಳುತ್ತಾರೆ. ಅವಳು ಮತ್ತೆ ತನಗೇ ತಪ್ಪಿರಬಹುದು ಅನ್ನುತ್ತಾಳೆ. ಒಂದು ಸಲ ಅವಳ ಬಾಯಲ್ಲಿ ಆ ಮಾತು ಹೇಳಿಸಿದ್ದು ನಾನೇ, ಇನ್ನೊಂದು ಸಲ ಹೇಳಿಸಲಾರೆ ಎಂದಳು.

ಮೇಡಂ ಎದ್ದು ಹೋಗಿ ತಾವೇ ಟೈಪು ಮಾಡಿ ತಂದರು. ಹೊಸ ಕಾಗದದಲ್ಲಿ ಇಪ್ಪತ್ತೈದು ನಿಮಿಷ ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ ಕಿಟಕಿಯ ಕೆಲಸದಿಂದ ತೆಗೆದು ದಾರ ಕತ್ತರಿಸುವ ವಿಭಾಗಕ್ಕೆ ಹಾಕಲಾಗಿದೆ ಎಂದಿತ್ತು. ಅಕ್ಕ ಎರಡನ್ನೂ ಓದಿದಳು, ತನ್ನ ದುಂಡು ಅಕ್ಷರದಲ್ಲಿ ಸಹಿ ಹಾಕಿ, ಕೆಳಗೆ ಗೋಡೆ ಗಡಿಯಾರ ನೋಡಿ ಸರಿಯಾದ ಸಮಯ ಬರೆದಳು. ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟಳು. ಮೇಡಂ ಎದ್ದು ನಿಂತರು, ಕೆಲಸಗಾರರು ಹೊರಡುವಾಗ ಅವರು ಎದ್ದು ನಿಂತದ್ದನ್ನು ಆ ಆಫೀಸಿನಲ್ಲಿ ಯಾರೂ ಕಂಡಿರಲಿಲ್ಲ. ಅಕ್ಕ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು, ಹಾಲಿನ ಉದ್ದಕ್ಕೂ ತಲೆ ಎತ್ತಿಕೊಂಡೇ ನಡೆದು, ದಾರ ಕತ್ತರಿಸುವ ಮೇಜಿಗೆ ಹೋಗಿ ಒಂದು ಕತ್ತರಿ ಕೇಳಿ ಪಡೆದಳು.